‘ಸರ್ಕಾರಿ ತರ್ಫೆ’ ಎಂದು ಬರೆದರೆ ಸಾಲದು

ನನ್ನ ಬಳಿ ಒಂದು ಹಳೆಯ ಕಾಗದದ ಜೆರಾಕ್ಸ್ ಇದೆ. ಭೀಮಾ ತೀರದ ಒಂದು ಠಾಣೆಯಿಂದ 2018ರಲ್ಲಿ ಮ್ಯಾಜಿಸ್ಟ್ರೇಟರಿಗೆ ಹೋದ ಕೋರಿಕೆ ಪತ್ರ. ಊರ ಹೊರಗಿನ ಗುಡಿಯ ಹಿಂದೆ ‘ದೈವಲೀಲೆಯ ಅಂದರ್ ಬಾಹರ್ ಇಸ್ಪೀಟ್ ಜೂಜಾಟ’ ನಡೆದಿದೆ ಎಂದು ಖಚಿತ ಬಾತ್ಮಿ ಬಂದಿದೆ, ದಾಳಿ ಮಾಡಿ ತನಿಖೆ ಕೈಗೊಳ್ಳಲು ಅನುಮತಿ ಕೊಡಬೇಕು ಎಂದು ಪಿಎಸ್‌ಐ ಬರೆದಿದ್ದಾರೆ. ಒಟ್ಟು ಹದಿನೆಂಟು ಸಾಲು. ಎಡ ಅಂಚಿನಲ್ಲಿ, ಠಾಣೆಯ ಮೊಹರಿನ ಮೇಲೆ ಅರ್ಧ ಹತ್ತಿ ಕುಳಿತಂತೆ, ನೀಲಿ ಶಾಯಿಯ ಒಂದು ಪದ: ‘ಪರ್ಮಿಟೆಡ್’. ಅದರ ಕೆಳಗೊಂದು ಗೀಚು ಸಹಿ. ನ್ಯಾಯಾಲಯದ ಆದೇಶ ಎಂಬುದು ಅಷ್ಟೇ.

ಆ ಒಂದು ಪದದ ಬಲದ ಮೇಲೆ ದಾಳಿ ನಡೆಯಿತು. 52 ಎಲೆ, 3,420 ರೂಪಾಯಿ, ಒಂದು ಹರಿದ ಜಮಖಾನ ಜಪ್ತಿಯಾದವು. ಇಬ್ಬರು ಪಂಚರು ಪಂಚನಾಮೆಗೆ ಸಹಿ ಹಾಕಿದರು. ಪಿಎಸ್‌ಐ ಠಾಣೆಗೆ ಮರಳಿ ‘ಸರ್ಕಾರಿ ತರ್ಫೆ ಫಿರ್ಯಾದಿ’ ಆದರು, ಗುನ್ನೆ ದಾಖಲಿಸಿಕೊಂಡರು, ತಾವೇ ತನಿಖೆ ಮಾಡಿದರು, ತಾವೇ ದೋಷಾರೋಪಣ ಪಟ್ಟಿ ಹಾಕಿದರು. ನಾನಾಗ ಆರೋಪಿಗಳ ಪರ ವಕೀಲರ ಕೈಕೆಳಗೆ ಜೂನಿಯರ್. ನಮ್ಮ ಹಿರಿಯರು ಆ ಕಡತದಲ್ಲಿ ಜೂಜಿನ ಸಂಗತಿಯನ್ನು ಓದಲೇ ಇಲ್ಲ. ಅಂಚಿನ ಪದದ ಮೇಲೆ ಬೆರಳಿಟ್ಟು, ‘ನಮಗೆ ಇಷ್ಟು ಸಾಕು’ ಎಂದರು. ಕೇಸು ರದ್ದಾಯಿತು. ಅವರು ಆಡಿದ್ದರೋ ಇಲ್ಲವೋ ಎಂದು ಕೊನೆಯವರೆಗೂ ಯಾರೂ ಕೇಳಲಿಲ್ಲ.

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಎಫ್‌ಐಆರ್‌ಗಳಲ್ಲಿ ಈ ‘ಸರ್ಕಾರಿ ತರ್ಫೆ’ ಎಂಬ ಮಾತು ಆಗಾಗ ಕಣ್ಣಿಗೆ ಬೀಳುತ್ತದೆ. ನಿಜಾಮರ ಕಾಲದ ಕಚೇರಿಯ ವಾಸನೆ ಇರುವ ಮಾತು. ಬೇರೆ ಯಾರೂ ದೂರು ಕೊಟ್ಟಿಲ್ಲ, ಪೊಲೀಸ್ ಅಧಿಕಾರಿಯೇ ಸರ್ಕಾರದ ಪರವಾಗಿ ಕೊಡುತ್ತಿದ್ದಾರೆ ಎಂದು ಅದರ ಅರ್ಥ. ಠಾಣೆಯಲ್ಲಿ ಇಷ್ಟು ಬರೆದರೆ ಕೆಲಸ ಮುಗಿಯಿತು ಎಂಬ ನಂಬಿಕೆ ಇದೆ. ಆದರೆ ಮ್ಯಾಜಿಸ್ಟ್ರೇಟರ ಮೇಜಿಗೆ ಕಾಗದ ಬಂದಾಗ ನೋಡುವುದು ಯಾರು ಬರೆದರು ಎಂಬುದಕ್ಕಿಂತ ಹೆಚ್ಚಾಗಿ, ಅದು ಯಾವ ದಾರಿಯಲ್ಲಿ ಬಂತು ಎಂಬುದನ್ನು.

ಮೊದಲು ಒಂದು ಪದದ ಗೊಂದಲ ಬಿಡಿಸಿಕೊಳ್ಳೋಣ. ನಾವು ಠಾಣೆಗೆ ಹೋಗಿ ಬರೆದುಕೊಡುವುದನ್ನೂ ‘ದೂರು’, ‘ಫಿರ್ಯಾದು’ ಎನ್ನುತ್ತೇವೆ. ಕಾನೂನಿನ ಕಣ್ಣಿನಲ್ಲಿ ಅದು ಬರೀ ‘ಮಾಹಿತಿ’. ಕಾನೂನು ಫಿರ್ಯಾದು ಎನ್ನುವುದು, ಮ್ಯಾಜಿಸ್ಟ್ರೇಟರು ಕ್ರಮ ಕೈಗೊಳ್ಳಲಿ ಎಂದು ಬಾಯಿಮಾತಿನಲ್ಲೋ ಬರಹದಲ್ಲೋ ನೇರವಾಗಿ ಅವರ ಮುಂದೆಯೇ ಮಾಡುವ ಆರೋಪವನ್ನು. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್, ತನ್ನ 2ನೇ ಕಲಮಿನಲ್ಲಿಯೇ ಹೀಗೆ ಹೇಳಿ, ‘ಪೊಲೀಸ್ ವರದಿ ಇದರಲ್ಲಿ ಸೇರುವುದಿಲ್ಲ’ ಎಂದು ಗೆರೆ ಎಳೆಯುತ್ತದೆ. ತನಿಖೆ ಮುಗಿಸಿ 193ನೇ ಕಲಮಿನ ಅಡಿ ಸಲ್ಲಿಸುವ ಅಂತಿಮ ವರದಿ, ನಾವು ಚಾರ್ಜ್‌ಶೀಟ್ ಎನ್ನುವುದು, ಪೊಲೀಸ್ ವರದಿ. ಫಿರ್ಯಾದು ಬೇರೆ ಜಾತಿಯ ಕಾಗದ. ಎರಡಕ್ಕೂ ಕೋರ್ಟಿನಲ್ಲಿ ನಡೆಯುವ ವಿಧಿ ಬೇರೆ ಬೇರೆ.

ಕೊಲೆ, ಕಳವು, ಸುಲಿಗೆಯಂತಹ ಸಂಜ್ಞೇಯ, ಅಂದರೆ ಪೊಲೀಸರು ತಾವಾಗಿಯೇ ತನಿಖೆಗೆ ಇಳಿಯಬಹುದಾದ, ಅಪರಾಧಗಳಲ್ಲಿ ಈ ತಕರಾರು ಏಳುವುದಿಲ್ಲ. ಮಾಹಿತಿ ಬಂದ ಕೂಡಲೇ ಗುನ್ನೆ ದಾಖಲಿಸಬಹುದು, ದಾಖಲಿಸಲೇಬೇಕು. ತನಿಖೆಗೆ ಯಾರ ಅಪ್ಪಣೆಯೂ ಬೇಡ. ಕೊನೆಗೆ ಅಂತಿಮ ವರದಿ. ತೊಡಕಿರುವುದು ಉಳಿದ ಎರಡು ಕಡೆ: ಅಸಂಜ್ಞೇಯ ಅಪರಾಧಗಳಲ್ಲಿ, ಮತ್ತು ಸರ್ಕಾರಿ ನೌಕರನ ಲಿಖಿತ ಫಿರ್ಯಾದು ಇಲ್ಲದೆ ಕೋರ್ಟು ಮುಟ್ಟಲೇಬಾರದ ಅಪರಾಧಗಳಲ್ಲಿ.

ಅಸಂಜ್ಞೇಯದ ದಾರಿ ಹೊಸ ಸುರಕ್ಷಾ ಸಂಹಿತೆಯ 174ನೇ ಕಲಮಿನಲ್ಲಿದೆ. ಅವಾಚ್ಯವಾಗಿ ಬೈದು ಕೆರಳಿಸಿದ್ದು, ಸಾದಾ ಗಾಯ ಮಾಡಿದ್ದು, ಸಾಮಾನ್ಯ ಬೆದರಿಕೆ ಹಾಕಿದ್ದು ಇಂಥವು. ಠಾಣಾಧಿಕಾರಿ ಸಾರಾಂಶವನ್ನು ಪುಸ್ತಕದಲ್ಲಿ ಬರೆದುಕೊಂಡು, ಮಾಹಿತಿ ತಂದವರನ್ನು ಮ್ಯಾಜಿಸ್ಟ್ರೇಟರ ಬಳಿಗೆ ಕಳಿಸಬೇಕು. ಇಂಥ ಪ್ರಕರಣಗಳ ದಿನಚರಿ ವರದಿಯನ್ನು ಹದಿನೈದು ದಿನಕ್ಕೊಮ್ಮೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು ಎಂಬುದನ್ನು ಹೊಸ ಸಂಹಿತೆ ಸೇರಿಸಿದೆ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಆದೇಶ ಸಿಕ್ಕ ಮೇಲೆ ಸಂಜ್ಞೇಯ ಪ್ರಕರಣದಷ್ಟೇ ಅಧಿಕಾರ ಬರುತ್ತದೆ, ವಾರಂಟ್ ಇಲ್ಲದೆ ಬಂಧಿಸುವುದೊಂದನ್ನು ಬಿಟ್ಟು.

ಆದೇಶ ಎಂದರೆ ಯಾವುದು? ಆ ಜೂಜಿನ ಅಪರಾಧವೂ ಆಗ ಅಸಂಜ್ಞೇಯವೇ ಆಗಿದ್ದರಿಂದ, ನನ್ನ ಜೆರಾಕ್ಸ್ ಕಾಗದದ ಪ್ರಶ್ನೆಯೂ ಇದೇ. ಇದಕ್ಕೆ ಉತ್ತರ ಬಂದದ್ದು ನಮ್ಮೂರಿನಿಂದಲೇ ಎಂಬುದು ನನಗೆ ಸ್ವಲ್ಪ ಹೆಮ್ಮೆಯ ವಿಷಯ. 2019ರ ಡಿಸೆಂಬರ್‌ನಲ್ಲಿ ಹೈಕೋರ್ಟಿನ ಕಲಬುರಗಿ ಪೀಠ, ಕೋರಿಕೆ ಪತ್ರದ ಮೇಲೆಯೇ ‘ಪರ್ಮಿಟೆಡ್’ ಎಂದು ಗೀಚುವ ರೂಢಿಯನ್ನು ನಿಲ್ಲಿಸಲು ಮ್ಯಾಜಿಸ್ಟ್ರೇಟರಿಗೆ ಮಾರ್ಗಸೂಚಿ ಕೊಟ್ಟಿತು. ಪತ್ರ ಅಂಚೆಯಲ್ಲಿ ಬಂತೋ ಮುದ್ದಾಂ ಬಂತೋ ಎಂದು ಮೊದಲು ಅದರ ಮೇಲೆ ಗುರುತಿಸಬೇಕು. ಅದನ್ನು ಪ್ರತ್ಯೇಕ ಆದೇಶ ಹಾಳೆಯ ಜೊತೆಗೆ ಮುಂದಿಡಿಸಿಕೊಳ್ಳಬೇಕು. ಪತ್ರದ ಮೇಲೆ ಯಾವ ಆದೇಶವನ್ನೂ ಬರೆಯಬಾರದು. ಮಾಹಿತಿದಾರನನ್ನು ಠಾಣಾಧಿಕಾರಿಯೇ ಕಳಿಸಿದ್ದಾರೆಯೇ ಎಂದು ನೋಡಬೇಕು. ಒಳಗಿನ ಸಂಗತಿ ಓದಿ, ಇದು ತನಿಖೆಗೆ ತಕ್ಕ ಪ್ರಕರಣ ಹೌದೇ ಅಲ್ಲವೇ ಎಂದು ಕಾರಣಸಹಿತ ದಾಖಲಿಸಬೇಕು, ತಕ್ಕುದಲ್ಲವಾದರೆ ತಿರಸ್ಕರಿಸಬೇಕು. ಅನುಮತಿ ಕೊಟ್ಟರೆ ಯಾವ ದರ್ಜೆಯ, ಯಾವ ಹುದ್ದೆಯ ಅಧಿಕಾರಿ ತನಿಖೆ ಮಾಡಬೇಕು ಎಂದು ಹೇಳಬೇಕು, ಮತ್ತು ಆ ಅಧಿಕಾರಿ ಫಿರ್ಯಾದಿಯಾಗಿರಬಾರದು.

‘ಮುದ್ದಾಂ’ ಎಂಬ ಪದವನ್ನು ನಾನು ಬೇಕೆಂದೇ ಉಳಿಸಿದ್ದೇನೆ. ಆಳು ಖುದ್ದಾಗಿ ಕೈಯಲ್ಲಿ ಹಿಡಿದು ತಂದು ಕೊಟ್ಟದ್ದು ಎಂದು ಅದರ ಅರ್ಥ. ನಮ್ಮ ಕೋರ್ಟುಗಳಲ್ಲಿ ಈ ಪದ ಹುಟ್ಟಿದಂದಿನಿಂದ ಇದೆಯೇನೋ. ಅದಕ್ಕೆ ಇಷ್ಟು ಬೆಲೆ ಏಕೆಂದರೆ, ಪತ್ರ ಹೇಗೆ ಬಂತು ಎಂದು ಗುರುತಿಲ್ಲದಿದ್ದರೆ, ದಾಳಿಯಾದ ಮೇಲೆ ಹಿಂದಿನ ದಿನಾಂಕ ಹಾಕಿ ಪತ್ರ ತಂದರು ಎಂಬ ವಾದಕ್ಕೆ ಉತ್ತರವೇ ಇರುವುದಿಲ್ಲ. ನಮ್ಮ ಹಿರಿಯರು ಆ ವಾದವನ್ನು ಎಷ್ಟು ಸಲ ಹೂಡಿದರು ಎಂದು ಲೆಕ್ಕವಿಲ್ಲ.

ಜೂಜಿನ ಕಲಮುಗಳಿಗೆ 2021ರಲ್ಲಿ ತಿದ್ದುಪಡಿ ಬಂದಿದೆ. ಅದು ಬೇರೆಯೇ ಚರ್ಚೆ. ಆದರೆ ಅಸಂಜ್ಞೇಯ ಅಪರಾಧ ಯಾವುದೇ ಇರಲಿ, ಮಾರ್ಗಸೂಚಿಯ ತಿರುಳು ಹಾಗೆಯೇ ಇದೆ.

ಇಲ್ಲಿ ಪೊಲೀಸರು ಹಿಡಿದುಕೊಳ್ಳುವ ಒಂದು ಊರುಗೋಲು ಇದೆ, ಅದನ್ನೂ ನೋಡಬೇಕು. ತನಿಖೆಯ ನಂತರ ಅಸಂಜ್ಞೇಯ ಅಪರಾಧವಷ್ಟೇ ಕಂಡುಬಂದರೆ, ಆ ವರದಿಯನ್ನೇ ಫಿರ್ಯಾದು ಎಂದೂ, ವರದಿ ಕೊಟ್ಟ ಅಧಿಕಾರಿಯನ್ನೇ ಫಿರ್ಯಾದಿ ಎಂದೂ ಭಾವಿಸಬೇಕು ಎಂದು ಫಿರ್ಯಾದಿನ ವ್ಯಾಖ್ಯೆಗೆ ಒಂದು ವಿವರಣೆ ಅಂಟಿಕೊಂಡಿದೆ. ‘ಅನುಮತಿ ತಪ್ಪಿದ್ದರೇನಂತೆ, ನಮ್ಮ ವರದಿಯೇ ಫಿರ್ಯಾದು’ ಎಂದು ಇದನ್ನು ಮುಂದೊಡ್ಡುತ್ತಾರೆ. ಸುಪ್ರೀಂ ಕೋರ್ಟ್ 1996ರಲ್ಲಿಯೇ ಈ ಆಸೆಗೆ ತಣ್ಣೀರು ಎರಚಿದೆ. ಸಂಜ್ಞೇಯ ಎಂದು ನಂಬಿ ತನಿಖೆ ಶುರುಮಾಡಿ, ಕೊನೆಗೆ ಅಸಂಜ್ಞೇಯ ಮಾತ್ರ ಉಳಿದಾಗ ಈ ವಿವರಣೆ ನೆರವಿಗೆ ಬರುತ್ತದೆ. ಉದಾಹರಣೆಗೆ ಚಾಕುವಿನಿಂದ ತಿವಿದರು ಎಂದು ಗುನ್ನೆಯಾಗಿ, ವೈದ್ಯರ ಪ್ರಮಾಣಪತ್ರದಲ್ಲಿ ಕೈಯಿಂದ ಹೊಡೆದ ಸಾದಾ ಗಾಯ ಎಂದಷ್ಟೇ ಬಂದರೆ. ಮೊದಲ ದಿನವೇ ಅಸಂಜ್ಞೇಯ ಎಂದು ಗೊತ್ತಿದ್ದೂ ಆದೇಶವಿಲ್ಲದೆ ತನಿಖೆಗೆ ಇಳಿದವರಿಗೆ ಅದು ಆಸರೆಯಾಗುವುದಿಲ್ಲ. ಒಂದೇ ಘಟನೆಯಲ್ಲಿ ಒಂದಾದರೂ ಸಂಜ್ಞೇಯ ಅಪರಾಧ ಇದ್ದರೆ ಇಡೀ ಪ್ರಕರಣವನ್ನೇ ಸಂಜ್ಞೇಯ ಎಂದು ಪರಿಗಣಿಸುವ ಉಪಕಲಮೂ ಇದೆ. ಈ ಒಂದನ್ನು ಹುಡುಕಿ ತಂದು ಅಂಟಿಸುವ ಜಾಣ್ಮೆ ಠಾಣೆಗಳಲ್ಲಿ ಹೇಗೆ ಬೆಳೆದಿದೆ ಎಂಬುದನ್ನು ಓದುಗರೇ ಊಹಿಸಿಕೊಳ್ಳಲಿ.

ಇನ್ನು ಎರಡನೆಯ ತೊಡಕು. ಇದು ಮೊದಲನೆಯದಕ್ಕಿಂತ ಮೋಸದ್ದು, ಏಕೆಂದರೆ ಇಲ್ಲಿ ಎಷ್ಟೋ ಸಲ ಎಫ್‌ಐಆರ್ ಮಾಡಲು ಯಾರೂ ಅಡ್ಡ ಬರುವುದಿಲ್ಲ. ಎಲ್ಲ ಮುಗಿದ ಮೇಲೆ ಕೋರ್ಟಿನ ಹೊಸ್ತಿಲಲ್ಲಿ ಎಡವುತ್ತದೆ.

ಬೀದರಿನ ಒಂದು ಪರೀಕ್ಷಾ ಕೇಂದ್ರವನ್ನು ಕಲ್ಪಿಸಿಕೊಳ್ಳಿ. ಪರೀಕ್ಷೆಯ ದಿನ ಸುತ್ತಮುತ್ತಲಿನ ಜೆರಾಕ್ಸ್ ಅಂಗಡಿಗಳು ಮುಚ್ಚಿರಬೇಕು ಎಂದು ಜಿಲ್ಲಾಧಿಕಾರಿ ನಿಷೇಧಾಜ್ಞೆ ಹೊರಡಿಸಿದ್ದಾರೆ. ಒಂದು ಅಂಗಡಿ ಅರ್ಧ ಷಟರ್ ಎತ್ತಿಕೊಂಡು ಕೆಲಸ ನಡೆಸಿದೆ. ಗಸ್ತಿನಲ್ಲಿದ್ದ ಪಿಎಸ್‌ಐ ಹಿಡಿಯುತ್ತಾರೆ. ಸರ್ಕಾರಿ ನೌಕರನ ಆದೇಶದ ಉಲ್ಲಂಘನೆ, ಹಳೆಯ ದಂಡ ಸಂಹಿತೆಯ 188, ಈಗಿನ ಭಾರತೀಯ ನ್ಯಾಯ ಸಂಹಿತೆಯ 223ನೇ ಕಲಂ. ಇದು ಸಂಜ್ಞೇಯ. ಸರ್ಕಾರಿ ತರ್ಫೆ ಫಿರ್ಯಾದಿ, ಗುನ್ನೆ, ತನಿಖೆ, ಚಾರ್ಜ್‌ಶೀಟ್. ಎಲ್ಲವೂ ಸರಿಯಾಗಿ ಕಾಣುತ್ತದೆ. ಆದರೆ ಬಿಎನ್‌ಎಸ್‌ಎಸ್ 215ನೇ ಕಲಂ ಹೇಳುವುದೇ ಬೇರೆ: ನ್ಯಾಯ ಸಂಹಿತೆಯ 206ರಿಂದ 223ರವರೆಗಿನ ಅಪರಾಧಗಳನ್ನು, 209 ಒಂದನ್ನು ಬಿಟ್ಟು, ಸಂಬಂಧಪಟ್ಟ ಸರ್ಕಾರಿ ನೌಕರನ ಲಿಖಿತ ಫಿರ್ಯಾದು ಇಲ್ಲದೆ ಯಾವ ಕೋರ್ಟೂ ವಿಚಾರಣೆಗೆ ಎತ್ತಿಕೊಳ್ಳಬಾರದು. ಇಲ್ಲಿ ಮುರಿದದ್ದು ಯಾರ ಆದೇಶ? ಜಿಲ್ಲಾಧಿಕಾರಿಯದು. ಹಾಗಾಗಿ ಫಿರ್ಯಾದು ಕೊಡಬೇಕಾದವರು ಜಿಲ್ಲಾಧಿಕಾರಿ, ಇಲ್ಲವೇ ಆಡಳಿತದಲ್ಲಿ ಅವರ ಮೇಲಿನವರು, ಉದಾಹರಣೆಗೆ ಕಲಬುರಗಿಯಲ್ಲಿ ಕೂರುವ ಪ್ರಾದೇಶಿಕ ಆಯುಕ್ತರು. ಜಿಲ್ಲಾಧಿಕಾರಿಯಿಂದ ಅಧಿಕಾರ ಪಡೆದ ಬೇರೆ ನೌಕರನೂ ಕೊಡಬಹುದು ಎಂಬ ಸಡಿಲಿಕೆಯನ್ನು ಹೊಸ ಸಂಹಿತೆ ತಂದಿದೆ. ಆದರೆ ಆ ಅಧಿಕಾರಪತ್ರ ಕಡತದಲ್ಲಿ ಇರಬೇಕು. ಕಲಬುರಗಿ ನಗರದಲ್ಲಿ ಪೊಲೀಸ್ ಕಮಿಷನರೇಟ್ ಇರುವುದರಿಂದ ಅಲ್ಲಿನ ಆಜ್ಞೆ ಕಮಿಷನರದ್ದೇ ಆಗಿದ್ದರೆ ಲೆಕ್ಕ ಬದಲಾಗುತ್ತದೆ. ಆಜ್ಞೆಯ ಕೆಳಗಿನ ಸಹಿ ಯಾರದು ಎಂದು ನೋಡುವುದೇ ಮೊದಲ ಕೆಲಸ.

ಇದು ಹೊಸ ನಿಯಮವಲ್ಲ. ತಹಸೀಲ್ದಾರರಿಗೆ ಸುಳ್ಳು ಮಾಹಿತಿ ಕೊಟ್ಟ ಪಂಜಾಬಿನ ಒಂದು ಪ್ರಕರಣದಲ್ಲಿ ಪೊಲೀಸರು ಚಾರ್ಜ್‌ಶೀಟ್ ಹಾಕಿ ಶಿಕ್ಷೆಯನ್ನೂ ಕೊಡಿಸಿದ್ದರು. 1962ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬುಡದಿಂದಲೇ ಅಸಿಂಧು ಎಂದಿತು. ತಹಸೀಲ್ದಾರರೇ ಬರೆದು ಕೊಡಬೇಕಿತ್ತು.

ಸುಳ್ಳು ದೂರು ಕೊಟ್ಟವರ ಮೇಲೆ ಪಿಎಸ್‌ಐ ಸ್ವತಃ ಕ್ರಮ ಜರುಗಿಸುವಾಗಲೂ ಇದೇ 215ನೇ ಕಲಂ. ಬಿ ರಿಪೋರ್ಟ್, ಅಂದರೆ ಕೇಸು ಮುಚ್ಚುವ ವರದಿ, ಹಾಕಿ ‘ಸುಳ್ಳು ಕೇಸು’ ಎಂದ ಮಾತ್ರಕ್ಕೆ ದೂರುದಾರನಿಗೆ ಏನೂ ಆಗುವುದಿಲ್ಲ. ನ್ಯಾಯ ಸಂಹಿತೆಯ 217ನೇ ಕಲಮಿನ ಅಡಿ, ಸುಳ್ಳು ಮಾಹಿತಿ ಪಡೆದ ಅಧಿಕಾರಿಯೇ, ಅಥವಾ ಅವರ ಮೇಲಧಿಕಾರಿ, ಮ್ಯಾಜಿಸ್ಟ್ರೇಟರ ಮುಂದೆ ಪ್ರತ್ಯೇಕ ಲಿಖಿತ ಫಿರ್ಯಾದು ಹಾಕಬೇಕು. ಇದನ್ನು ಮಾಡುವ ಅಧಿಕಾರಿಗಳನ್ನು ನಾನು ನೋಡಿದ್ದು ಕಡಿಮೆ; ಮಾಡುತ್ತೇವೆ ಎಂದು ಹೆದರಿಸುವವರನ್ನು ನೋಡಿದ್ದು ಹೆಚ್ಚು.

‘ಕರ್ತವ್ಯಕ್ಕೆ ಅಡ್ಡಿ’ ಎಂದು ಪತ್ರಿಕೆಗಳಲ್ಲಿ ಬರುವ ಸುದ್ದಿಯಲ್ಲಿಯೂ ಒಂದು ಸೂಕ್ಷ್ಮವಿದೆ. ಜಗತ್ ವೃತ್ತದಲ್ಲಿ ಹೆಲ್ಮೆಟ್ ತಪಾಸಣೆ ಮಾಡುವಾಗ ಸವಾರನೊಬ್ಬ ಬೈಕು ಅಡ್ಡ ನಿಲ್ಲಿಸಿ ಗಲಾಟೆ ಮಾಡಿದ ಎನ್ನೋಣ. ಬರೀ ಅಡ್ಡಿಯಾದರೆ ನ್ಯಾಯ ಸಂಹಿತೆಯ 221ನೇ ಕಲಂ, ಲಿಖಿತ ಫಿರ್ಯಾದು ಬೇಕೇಬೇಕು. ಅಧಿಕಾರಿಯ ಮೇಲೆ ಕೈಮಾಡಿದ್ದರೆ 132ನೇ ಕಲಂ, ಅದಕ್ಕೆ ಈ ನಿರ್ಬಂಧವಿಲ್ಲ, ಸಾಮಾನ್ಯ ಚಾರ್ಜ್‌ಶೀಟ್ ಸಾಕು. ಅದಕ್ಕೇ ಅಂಗಿ ಹಿಡಿದು ಎಳೆದಾಡಿದ ಎಂಬ ಸಾಲು ಇಂಥ ಎಫ್‌ಐಆರ್‌ಗಳಲ್ಲಿ ತಪ್ಪದೆ ಇಣುಕುತ್ತದೆ. ನಿಜವಾಗಿ ಎಳೆದಿದ್ದರೆ ಸರಿ. ಫಿರ್ಯಾದಿನ ನಿರ್ಬಂಧ ತಪ್ಪಿಸಿಕೊಳ್ಳಲು ಹಣೆಪಟ್ಟಿ ಬದಲಿಸಿದ್ದರೆ, ಕೋರ್ಟುಗಳು ಹಣೆಪಟ್ಟಿ ಬಿಟ್ಟು ಒಳಗಿನ ಸರಕನ್ನೇ ನೋಡುತ್ತವೆ.

ಒಂದೇ ಘಟನೆಗೆ ಎರಡು ದಾರಿ ಇರುವ ಪ್ರಸಂಗ ಬೇಕೆಂದರೆ ಮರಳನ್ನು ನೋಡಬೇಕು. ಭೀಮಾ ಪಾತ್ರದಲ್ಲಿ ನಡುರಾತ್ರಿ ಟಿಪ್ಪರ್ ಸಿಕ್ಕಿದೆ, ಪರವಾನಗಿ ಇಲ್ಲ. 1957ರ ಗಣಿ ಮತ್ತು ಖನಿಜ ಕಾಯ್ದೆಯ 22ನೇ ಕಲಂ ಪ್ರಕಾರ, ಸರ್ಕಾರ ಅಧಿಕಾರ ಕೊಟ್ಟವರ ಲಿಖಿತ ಫಿರ್ಯಾದು ಇಲ್ಲದೆ ಆ ಕಾಯ್ದೆಯ ಅಪರಾಧವನ್ನು ಕೋರ್ಟು ಎತ್ತಿಕೊಳ್ಳುವಂತಿಲ್ಲ. ಆದರೆ ನದಿಯ ಮರಳು ಸರ್ಕಾರದ ಸ್ವತ್ತು. ಅದನ್ನು ಹೊತ್ತೊಯ್ಯುವುದು ಕಳವು ಕೂಡ ಹೌದು. ಕಳವಿಗೆ ಪೊಲೀಸರು ಗುನ್ನೆ ದಾಖಲಿಸಿ ಅಂತಿಮ ವರದಿ ಕೊಡಬಹುದು, ಗಣಿ ಕಾಯ್ದೆಗೆ ಅಧಿಕೃತ ಅಧಿಕಾರಿಯ ಫಿರ್ಯಾದು ಬೇರೆಯಾಗಿ ಬರಬೇಕು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿತು. ಹೀಗೆ ಒಂದು ಟಿಪ್ಪರಿಗೆ ಎರಡು ಕಡತ. ನಡೆಯುವುದೇನೆಂದರೆ ಎರಡೂ ಕಲಮುಗಳನ್ನು ಒಂದೇ ಚಾರ್ಜ್‌ಶೀಟಿನಲ್ಲಿ ತುಂಬಿ ಕಳಿಸುವುದು, ಮತ್ತು ಗಣಿ ಕಾಯ್ದೆಯ ಭಾಗ ಬಿದ್ದುಹೋದಾಗ ಅಚ್ಚರಿಪಡುವುದು.

ಸರಿ, ಅಧಿಕಾರಿ ಫಿರ್ಯಾದು ಬರೆಯಲು ಕುಳಿತರು ಎನ್ನೋಣ. ಅದರಲ್ಲಿ ಏನಿರಬೇಕು? ಎಫ್‌ಐಆರ್ ಪ್ರತಿಗೆ ಮುಖಪತ್ರ ಅಂಟಿಸಿದರೆ ಅದು ಫಿರ್ಯಾದು ಆಗುವುದಿಲ್ಲ. ಮೇಲೆ ನ್ಯಾಯಾಲಯದ ಹೆಸರು, ಫಿರ್ಯಾದಿಯ ಹೆಸರು, ಹುದ್ದೆ, ಯಾವ ಅಧಿಕಾರದಿಂದ ಬರೆಯುತ್ತಿದ್ದಾರೆ ಎಂಬುದು, ಆರೋಪಿಯ ವಿವರ. ಜೆರಾಕ್ಸ್ ಅಂಗಡಿಯ ಉದಾಹರಣೆಯನ್ನೇ ಮುಂದುವರಿಸಿದರೆ, ಆಜ್ಞೆಯ ಸಂಖ್ಯೆ ಮತ್ತು ದಿನಾಂಕ, ಅದನ್ನು ಸಾರಿದ ಬಗೆ, ಅಂಗಡಿಯವನಿಗೆ ಅದು ತಿಳಿದಿತ್ತು ಎಂಬುದಕ್ಕೆ ಆಧಾರ, ಅವನು ಮುರಿದದ್ದರಿಂದ ಯಾರಿಗೆ ಯಾವ ತೊಂದರೆಯಾಯಿತು ಅಥವಾ ಆಗುವಂತಿತ್ತು ಎಂಬ ವಿವರ ಬೇಕು. ಇವು ಅಲಂಕಾರವಲ್ಲ, 223ನೇ ಕಲಮಿನ ಅಪರಾಧ ನಿಂತಿರುವುದೇ ಇವುಗಳ ಮೇಲೆ. ಆಜ್ಞೆಯ ದೃಢೀಕೃತ ಪ್ರತಿ, ಪಂಚನಾಮೆ, ಸಾಕ್ಷಿಗಳ ಪಟ್ಟಿ ಜೊತೆಗಿರಬೇಕು. ಸಾಕ್ಷಿಗಳ ಪಟ್ಟಿ ಇಲ್ಲದೆ ಸಮನ್ಸ್ ಹೊರಡುವುದಿಲ್ಲ.

ಸಾಮಾನ್ಯ ಫಿರ್ಯಾದಿಯನ್ನು ಮ್ಯಾಜಿಸ್ಟ್ರೇಟರು ಪ್ರಮಾಣ ಮಾಡಿಸಿ ವಿಚಾರಿಸುತ್ತಾರೆ. ಕರ್ತವ್ಯದ ಭಾಗವಾಗಿ ಬರೆದುಕೊಡುವ ಸರ್ಕಾರಿ ನೌಕರನಿಗೆ ಬಿಎನ್‌ಎಸ್‌ಎಸ್ 223ನೇ ಕಲಂ ಇದರಿಂದ ವಿನಾಯಿತಿ ಕೊಟ್ಟಿದೆ. ಸಂಖ್ಯೆ ಒಂದೇ, ಸಂಹಿತೆ ಬೇರೆ. ಗಲಿಬಿಲಿ ಮಾಡಿಕೊಳ್ಳಬೇಡಿ, ನಾವೇ ಮಾಡಿಕೊಳ್ಳುತ್ತಿರುತ್ತೇವೆ. ಇದೇ ಕಲಮಿನಲ್ಲಿ ಹೊಸದೊಂದು ಮಾತೂ ಸೇರಿದೆ: ಫಿರ್ಯಾದಿನ ಮೇಲೆ ಸಂಜ್ಞಾನ ತೆಗೆದುಕೊಳ್ಳುವ, ಅಂದರೆ ಅದನ್ನು ವಿಚಾರಣೆಗೆ ಎತ್ತಿಕೊಳ್ಳುವ, ಮೊದಲು ಆರೋಪಿಗೆ ತನ್ನ ಮಾತು ಹೇಳಲು ಅವಕಾಶ ಕೊಡಬೇಕು. ಇದು ಖಾಸಗಿ ಫಿರ್ಯಾದಿಗೆ ಮಾತ್ರ ಎಂದು ಕೆಲವರು ತಿಳಿದಿದ್ದರು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಜಾರಿ ನಿರ್ದೇಶನಾಲಯ ಹಾಕಿದ ಫಿರ್ಯಾದಿಗೂ ಇದು ಅನ್ವಯಿಸುತ್ತದೆ ಎಂದು ಹೇಳಿದ ಮೇಲೆ ಆ ಭ್ರಮೆ ಹರಿದಿದೆ.

ಕಾಲಮಿತಿಯ ಕತ್ತಿಯೂ ತೂಗುತ್ತಿರುತ್ತದೆ. ದಂಡ ಮಾತ್ರದ ಅಪರಾಧಕ್ಕೆ ಆರು ತಿಂಗಳು, ಒಂದು ವರ್ಷದವರೆಗಿನ ಶಿಕ್ಷೆಗೆ ಒಂದು ವರ್ಷ, ಒಂದರಿಂದ ಮೂರು ವರ್ಷದ ಶಿಕ್ಷೆಗೆ ಮೂರು ವರ್ಷ. ಆಜ್ಞೆಯ ಉಲ್ಲಂಘನೆಯೂ ಸುಳ್ಳು ಮಾಹಿತಿಯೂ ಒಂದು ವರ್ಷದ ಸಾಲಿನಲ್ಲೇ ಬರುತ್ತವೆ. ಚಾರ್ಜ್‌ಶೀಟ್ ತಪ್ಪು ದಾರಿ ಎಂದು ಗೊತ್ತಾಗಿ ಫಿರ್ಯಾದು ಬರೆಯುವ ಹೊತ್ತಿಗೆ ಆ ವರ್ಷ ಕಳೆದಿರುತ್ತದೆ. ವಿಳಂಬ ಮನ್ನಿಸುವ ಅಧಿಕಾರ ಕೋರ್ಟಿಗಿದೆ, ಆದರೆ ಸಕಾರಣ ಹೇಳಬೇಕು. ‘ಕರ್ತವ್ಯದ ಒತ್ತಡ’ ಎಂಬುದನ್ನು ಕೇಳಿ ಕೇಳಿ ನ್ಯಾಯಾಧೀಶರಿಗೆ ಬಾಯಿಪಾಠವಾಗಿದೆ.

ವರ್ಗಾವಣೆಯ ಸಂಗತಿಯನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಫಿರ್ಯಾದಿನ ಮೇಲೆ ನಡೆಯುವ ಸಮನ್ಸ್ ಪ್ರಕರಣದಲ್ಲಿ ಫಿರ್ಯಾದಿ ಹಾಜರಾಗದಿದ್ದರೆ, ಮೂವತ್ತು ದಿನದ ಕಾಲಾವಕಾಶ ಕೊಟ್ಟು ಆಮೇಲೆ ಆರೋಪಿಯನ್ನು ಖುಲಾಸೆ ಮಾಡಬಹುದು. ಹುಮನಾಬಾದಿನಲ್ಲಿ ಫಿರ್ಯಾದು ಬರೆದವರು ಬಳ್ಳಾರಿಗೆ ಹೋಗಿರುತ್ತಾರೆ, ಹೊಸಬರಿಗೆ ಕಡತದ ಗಂಧವೂ ಇರುವುದಿಲ್ಲ. ಫಿರ್ಯಾದಿಯ ಹಾಜರಿ ಅಗತ್ಯವಿಲ್ಲ ಎಂದು ಕೋರ್ಟು ಹೇಳಬಹುದು, ಅಭಿಯೋಜಕರು ಪರವಾಗಿ ನಿಲ್ಲಬಹುದು. ಆದರೆ ಅದನ್ನು ಕೇಳುವವರು ಯಾರಾದರೂ ಅಂದು ಕೋರ್ಟಿನಲ್ಲಿ ಇರಬೇಕಲ್ಲ.

ಕಳೆದ ತಿಂಗಳು ಯಾದಗಿರಿ ಕಡೆಯ ತಾಂಡಾದಿಂದ ಒಬ್ಬ ಅವ್ವ ನನ್ನ ಬಳಿ ಬಂದಿದ್ದರು. ಪಕ್ಕದ ಮನೆಯವನು ಮನೆಮುಂದೆ ನಿಂತು ಬೈದು ಹೆದರಿಸಿದ್ದಾನೆ. ಸೆರಗಿನ ಗಂಟಿನಿಂದ ನಾಲ್ಕು ಮಡಿಕೆ ಮಾಡಿದ ಚೀಟಿಯೊಂದನ್ನು ತೆಗೆದು, ‘ಕೇಸ್ ಆಗಿದೆ ವಕೀಲರೇ, ತಾರೀಖು ಯಾವಾಗ ಬರುತ್ತದೆ?’ ಎಂದು ಕೇಳಿದರು. ಅದು ಠಾಣೆಯ ಹಿಂಬರಹ. ಅಸಂಜ್ಞೇಯ ಅಪರಾಧವಾದ್ದರಿಂದ ನ್ಯಾಯಾಲಯವನ್ನು ಸಂಪರ್ಕಿಸಬೇಕು ಎಂದು ಅದರಲ್ಲಿ ಬರೆದಿತ್ತು. ಮೂರು ವಾರದಿಂದ ಅದನ್ನು ಕಟ್ಟಿಕೊಂಡು ತಿರುಗುತ್ತಿದ್ದರು. ‘ಇದು ಕೇಸಲ್ಲ ಅವ್ವ, ಕೇಸಿಗೆ ಹೋಗುವ ದಾರಿಚೀಟಿ’ ಎಂದೆ. ಅಲ್ಲಿಯೇ ಕುಳಿತು ಕೋರಿಕೆ ಬರೆದು, ಹಿಂಬರಹ ಲಗತ್ತಿಸಿ, ಜೊತೆಗೆ ಕರೆದುಕೊಂಡು ಹೋದೆ. ಕಿಟಕಿಯ ಗುಮಾಸ್ತರು ಕನ್ನಡಕ ಮೇಲೆ ಸರಿಸಿ, ‘ಅಂಚೆಯೋ, ಮುದ್ದಾಮೋ?’ ಎಂದು ಕೇಳಿದರು. ಅವ್ವ ನನ್ನ ಮುಖ ನೋಡಿದರು. ‘ಮುದ್ದಾಂ’ ಎಂದೆ. ಅವರು ಪತ್ರದ ಮೂಲೆಯಲ್ಲಿ ಅಷ್ಟನ್ನೇ ಬರೆದು, ಅಂಚನ್ನು ಖಾಲಿ ಬಿಟ್ಟು, ಹೊಸ ಆದೇಶ ಹಾಳೆಯೊಂದನ್ನು ಅದರ ಮೇಲಿಟ್ಟು ಟ್ಯಾಗ್ ಪೋಣಿಸಿದರು.